ಗಾಜಿನ ಎಳೆಗೆ ಖಂಡೇ ಪೂಜೆ

ಕಾರ್ತಿಕಕ್ಕೆಂದು ಹೂಬತ್ತಿ ಹೊಸೆಯುತ್ತ ಕೂತಿದ್ದೆ. ಮಡಿಲಲ್ಲಿ ಬಿಡಿಸಿದ ಹತ್ತಿ, ಎಡಗಡೆ ಬಟ್ಟಲಲ್ಲಿ ಒಂದು ಚಮಚ ಹಾಲು, ಬಲಗಡೆ ಹಿತ್ತಾಳೆಯ ತಟ್ಟೆ. ನೂರು ಬತ್ತಿ ಆದೊಡನೆ ಒಂದು ತೊಗರಿಕಾಳು ಬದಿಗಿಡುವುದು ನನ್ನ ಪದ್ಧತಿ. ಇಲ್ಲದಿದ್ದರೆ ನಡುವೆ ಯಾರಾದರೂ ಮಾತಾಡಿಸಿದರೆ ಎಣಿಕೆ ತಪ್ಪಿ ಮತ್ತೆ ಒಂದರಿಂದ ಶುರು ಮಾಡಬೇಕು. ಹೇಗೂ ಅದು ದ್ವಿದಳ ವ್ರತದ ತಿಂಗಳು. ನಮ್ಮ ಮನೆಯಲ್ಲಿ ಬೇಳೆಕಾಳು ಒಲೆಯ ಮೇಲೆ ಏರುವಂತಿರಲಿಲ್ಲ. ತೊಗರಿಯ ನಾಡಿನಲ್ಲಿದ್ದುಕೊಂಡು ಒಂದು ತಿಂಗಳು ತೊಗರಿಬೇಳೆ ಮುಟ್ಟದೆ ಇರುವುದೆಂದರೆ ಏನೆಂದು ಇಲ್ಲಿಯವರಿಗೇ ಗೊತ್ತು. ಕಾಳು ಎಣಿಕೆಗಾದರೂ ಬಂತಲ್ಲ ಎಂದುಕೊಂಡು ಏಳನೆಯದನ್ನು ಬದಿಗಿಡುವಾಗ ಫೋನಿನ ಗಂಟೆ ಬಡಿಯಿತು.

ಮನೆಯವರು ಆಫೀಸಿನಿಂದ ಮಾತಾಡುತ್ತಿದ್ದರು.

"ಕೇಳಿಲ್ಲಿ. ಮೆಮೋ ಬಂದದ."

"ಯಾರಿಗ್ರಿ?"

"ನನಗಽ. ಮತ್ಯಾರಿಗೆ ಬರ್ತದ. ಶುಕ್ರವಾರ ದೊಡ್ಡ ಸಾಹೇಬರು ಕಮಲಾಪುರಕ್ಕ ಬರ್ಲಿಕತ್ತಾರ. ಅಷ್ಟರಾಗ ಲೈನ್ ಸುಧಾರಿಸದಿದ್ರ ಅವತ್ತಽ ಚಾರ್ಜು ಬ್ಯಾರೆಯವರ ಕೈಯಾಗ ಕೊಟ್ಟು ನಾ ಯಾವುದೋ ಊರಿನ ಸ್ಟೋರಿನ್ಯಾಗ ಮೊಳಿ ಎಣಿಸ್ಕೋತ ಕೂಡಬೇಕು. ಮತ್ತ ಅವರೂ ವ್ರತ ಹಿಡದಾರಂತ, ಹೊರಗ ಉಣ್ಣಂಗಿಲ್ಲ. ಬುತ್ತಿ ನೀನಽ ಮಾಡಿ ತರಬೇಕು."

"ಎಷ್ಟು ಮಂದಿಗ್ರಿ?"

"ನಾ ನೌಕರಿ ಮಾತು ಮಾತಾಡ್ಲಿಕತ್ತೀನಿ, ನಿಂದು ಎಷ್ಟು ಮಂದಿಗೆ ಅಂತ."

"ಎರಡೂ ಬೇಕಲ್ರಿ," ಎಂದೆ.

ಫೋನು ಕೆಳಗಿಟ್ಟ ಸಪ್ಪಳ ಸ್ವಲ್ಪ ಜೋರಾಗಿಯೇ ಕೇಳಿಸಿತು.

ಇವರು ಟೆಲಿಫೋನ್ ಇಲಾಖೆಯಲ್ಲಿದ್ದರು. ಎಂಬತ್ತರ ದಶಕದಲ್ಲಿ ನಾನು ಮದುವೆಯಾಗಿ ಈ ಮನೆಗೆ ಬಂದಾಗ ತಾಮ್ರದ ತಂತಿಯ ಕಾಲ. ಹೈದರಾಬಾದಿಗೆ ಮಾತಾಡುವವರ ದನಿ ಫೋನಿಲ್ಲದೆಯೇ ಅಲ್ಲಿಗೆ ಮುಟ್ಟುವಂತಿರುತ್ತಿತ್ತು. ಎರಡು ಸಾವಿರದ ಇಸವಿ ದಾಟುವ ಹೊತ್ತಿಗೆ ನೆಲದೊಳಗೆ ಗಾಜಿನ ಎಳೆ ಬಂತು. ಕೂದಲಿನಷ್ಟು ತೆಳ್ಳಗಿನ ಆ ಎಳೆಯೊಳಗೆ ಕಣ್ಣಿಗೆ ಕಾಣದ ಬೆಳಕು ಓಡುತ್ತದೆ, ಆ ಬೆಳಕಿನ ಮೇಲೆ ಸಾವಿರಾರು ಜನರ ಮಾತು ಕೂತು ಹೋಗುತ್ತದೆ ಎಂದು ಇವರು ಹೇಳಿದಾಗ ನಾನು ಒಮ್ಮೆಗೇ ನಂಬಿದೆ. ಕಾಣದ್ದನ್ನು ನಂಬುವುದು ನನಗೆ ಹೊಸದಲ್ಲ.

ಆ ಬೆಳಕು ದೂರ ಹೋದಂತೆ ದಣಿಯುತ್ತದೆ. ಅದಕ್ಕೇ ಕಲಬುರ್ಗಿಯಿಂದ ಹುಮನಾಬಾದಿನ ರಸ್ತೆಯಲ್ಲಿ ಒಂದು ತಾಸಿನ ದಾರಿಗೆ, ಕಮಲಾಪುರದಲ್ಲಿ, ಒಂದು ಸಣ್ಣ ಕಟ್ಟಡ. ದಣಿದು ಬಂದ ಬೆಳಕಿಗೆ ಅಲ್ಲಿ ಆಂಪ್ಲಿಫೈಯರ್ ಎನ್ನುವ ಯಂತ್ರ ಬಲ ತುಂಬಿ ಬೀದರದ ಕಡೆಗೆ ಕಳಿಸುತ್ತದೆ. ಕಲಬುರ್ಗಿಯಿಂದ ಅಲ್ಲಿಯವರೆಗಿನ ಲೈನಿಗೆ ಇವರೇ ಯಜಮಾನರು. ಅದನ್ನೇ ಚಾರ್ಜು ಎನ್ನುವುದು. ಹದಿನೆಂಟು ವರ್ಷದ ನೌಕರಿಯಲ್ಲಿ ಒಂದೂ ಮೆಮೋ ಬಂದಿರಲಿಲ್ಲ. ಆ ವರ್ಷ ದಸರೆಯ ದಿನ ಕಮಲಾಪುರದಲ್ಲಿ ಹೊಸ ಆಂಪ್ಲಿಫೈಯರ್ ಕೂಡಿಸಿದರು. ಅವತ್ತಿನಿಂದಲೇ ಲೈನ್ ಕೆಟ್ಟಿತು. ಮಾತು ನಡುವೆ ತುಂಡಾಗುವುದು, ಬ್ಯಾಂಕಿನವರ ಕಂಪ್ಯೂಟರ್ ನಿಂತುಹೋಗುವುದು, ಬೀದರದವರು ಕಲಬುರ್ಗಿಯವರನ್ನು ಬೈಯುವುದು.

ದಿನಾ ಸಂಜೆ ದೀಪ ಹಚ್ಚಿ, ಆ ದಿನ ದೇವರು ಮಾಡಿದ ಉಪಕಾರಗಳನ್ನು ಬೆರಳ ಗೆಣ್ಣಿನ ಮೇಲೆ ಎಣಿಸುವುದು ನನ್ನ ರೂಢಿ. ಆ ದಿನ ಮೂರೇ ಸಿಕ್ಕವು. ಮೆಮೋ ಇಂಗ್ಲಿಷಿನಲ್ಲಿತ್ತು, ಅತ್ತೆಗೆ ಓದಲು ಬಾರದು. ಶುಕ್ರವಾರಕ್ಕೆ ಇನ್ನೂ ನಾಲ್ಕು ದಿನ ಇತ್ತು. ಬರುವ ಸಾಹೇಬರಿಗೂ ವ್ರತ ಇದ್ದುದರಿಂದ ಬೇಳೆ ಇಲ್ಲದ ಬುತ್ತಿ ಕಟ್ಟಿದ್ದಕ್ಕೆ ಯಾರೂ ಹೆಸರಿಡುವಂತಿರಲಿಲ್ಲ.

ಮರುದಿನ ಮಧ್ಯಾಹ್ನ ಇವರು ಊಟಕ್ಕೆ ಬಂದಾಗ ಪ್ಯಾಂಟಿನ ಮೊಣಕಾಲಿನವರೆಗೆ ಎರೆಮಣ್ಣು ಮೆತ್ತಿತ್ತು. ಮಹಾಗಾಂವದ ಹತ್ತಿರ ರಸ್ತೆ ಬದಿ ಎಂಟು ದಿನದಿಂದ ತಗ್ಗು ತೋಡಿಸುತ್ತಿದ್ದರು. ಅಲ್ಲಿ ಎರಡು ಕೇಬಲ್ ಕೂಡಿಸಿದ ಜಾಯಿಂಟ್ ಇದೆ, ತಪ್ಪು ಅಲ್ಲೇ ಎಂಬುದು ಇವರ ಗುಮಾನಿ. ನಾನು ಮೊಸರನ್ನ ಬಡಿಸಿ, ನನ್ನದೂ ಒಂದು ತಟ್ಟೆ ಹಾಕಿಕೊಂಡು ಎದುರಿಗೆ ಕೂತೆ.

"ಜಾಯಿಂಟ್ ಸಿಕ್ತೇನ್ರಿ?"

"ಸಿಕ್ತು. ಕನ್ನಡಿಯಂಗ ಅದ. ಕೇಬಲ್ಲಿಗೆ ಏನೂ ಆಗಿಲ್ಲ. ಕಮಲಾಪುರದ ತನಕಾ ಬೆಳಕು ಸರಿಯಾಗಿ ಬರ್ತದ. ಒಳಗ ಕಾಲಿಟ್ಟ ಕೂಡ್ಲೆ ಅರ್ಧಕ್ಕಿಂತ ಹೆಚ್ಚು ಮಾಯ."

"ಬಾಗಲದಾಗ ಕಳೀತದ ಅನ್ರಿ."

"ಹೂಂ. ಹೊಸಾ ಆಂಪ್ಲಿಫೈಯರಿನ ಕಾರ್ಡಽ ಕೆಟ್ಟದ. ಹಂಗಂತ ಬರದೂ ಕೊಟ್ಟೀನಿ."

ಮುಂದೆ ಇವರು ಹೇಳಿದ್ದು ನನಗೆ ತಿಳಿದಷ್ಟು ಹೇಳುತ್ತೇನೆ. ಒಳಗೆ ಬರುವ ಬೆಳಕು ತೀರ ಸಣ್ಣದಾದರೆ ಆಂಪ್ಲಿಫೈಯರ್ ಅದನ್ನು ಎತ್ತುವಾಗ ತನ್ನದೇ ಗದ್ದಲವನ್ನೂ ಜತೆಗೆ ಎತ್ತುತ್ತದೆ. ಕಿವಿಗೆ ಕೇಳುವ ಗದ್ದಲವಲ್ಲ, ಬೆಳಕಿನೊಳಗಿನ ಗದ್ದಲ. ಇದಕ್ಕೆ ನಾಯ್ಜ್ ಎನ್ನುತ್ತಾರೆ. ನಾಯ್ಜ್ ಅಡಗಿಸಲು ಇವರು ಕಲಬುರ್ಗಿಯ ಕಡೆಯಿಂದಲೇ ಬೆಳಕಿನ ಪವರ್ ಏರಿಸಿದರು. ಮೊದಲ ದಿನ ಸ್ವಲ್ಪ ಸುಧಾರಿಸಿತು. ಇನ್ನಷ್ಟು ಏರಿಸಿದರು, ಮತ್ತೆ ಕೆಟ್ಟಿತು. ಯಾಕೆಂದರೆ ಮಿತಿ ಮೀರಿದ ಬೆಳಕು ಒಳಗೆ ಹೊಕ್ಕರೆ ಗಾಜಿನ ಗುಣವೇ ಆ ಹೊತ್ತಿಗೆ ಬದಲಾಗುತ್ತದಂತೆ. ಒಂದೇ ಎಳೆಯಲ್ಲಿ ನಾಲ್ಕು ಬಣ್ಣದ ಬೆಳಕು ಒಟ್ಟಿಗೆ ಹೋಗುತ್ತಿರುತ್ತವೆ. ಮೆತ್ತಗೆ ಹೋದರೆ ಒಂದರ ತಂಟೆಗೆ ಒಂದಿಲ್ಲ. ಜೋರಾದರೆ ಒಂದರ ಬಣ್ಣ ಇನ್ನೊಂದಕ್ಕೆ ಹತ್ತುತ್ತದೆ, ತನ್ನ ಆಕಾರ ತಾನೇ ಕೆಡಿಸಿಕೊಳ್ಳುತ್ತದೆ. ಇದು ಡಿಸ್ಟಾರ್ಶನ್. ಏರಿಸಿದರೆ ಡಿಸ್ಟಾರ್ಶನ್, ಇಳಿಸಿದರೆ ನಾಯ್ಜ್.

"ತಿಳೀತ್ರಿ," ಎಂದೆ. "ಶ್ರಾದ್ಧದ ದಿನ ಅಡುಗಿಮನ್ಯಾಗ ನಾವು ನಾಕು ಮಂದಿ ನೆಗೆಣ್ಣಿಯರು ಇದ್ದಂಗ. ಪಿಸುಮಾತಿನ್ಯಾಗ ಇದ್ರ ಯಾರಿಗೆ ಉಪ್ಪು ಬೇಕು ಯಾರಿಗೆ ತುಪ್ಪ ಬೇಕು ಎಲ್ಲಾ ತಿಳೀತದ. ಒಬ್ಬಾಕಿ ದನಿ ಏರಿಸಿದ್ಲು ಅಂದ್ರ ನಾಕೂ ಮಂದಿದು ಏರ್ತದ. ಆಮ್ಯಾಲೆ ಯಾರು ಏನಂದ್ರು ಯಾರಿಗೂ ತಿಳ್ಯಂಗಿಲ್ಲ."

"ಹಂಗಽ ಬರದು ಕೊಡ್ಲಿ? ನೆಗೆಣ್ಣಿಯರ ಜಗಳದಿಂದ ಲೈನ್ ಕೆಟ್ಟದ ಅಂತ?"

"ಅಲ್ರಿ, ಆ ಬಾಗಲಿಗೆ ಏನರೆ ಮೆತ್ತಿಕೊಂಡಿದ್ರ?"

"ಏನ್ ಮೆತ್ತಿಕೋತದ. ಖಂಡೇ ನವಮಿ ಮುಂಜಾನೆ ನಾನಽ ವೈರಿನ ತುದಿಗೋಳಿಗೆ ಸ್ಪಿರಿಟ್ ಹಚ್ಚಿ ಒರಸಿ, ಒಂದೊಂದಕ್ಕೂ ಟೋಪಿ ಹಾಕಿ ಸ್ಟೂಲಿನ ಮ್ಯಾಲೆ ಇಟ್ಟೀನಿ. ಆ ತುದಿಗೆ ಧೂಳಿನ ಕಣ ಕೂತ್ರೂ ನಡ್ಯಂಗಿಲ್ಲ. ಅದನ್ನೂ ಬರದು ಸಹಿ ಮಾಡೀನಿ."

ನನ್ನ ಕೈ ಮೊಸರನ್ನದಲ್ಲೇ ನಿಂತಿತು.

ಖಂಡೇ ನವಮಿಯ ದಿನ ನಾನೂ ಕಮಲಾಪುರಕ್ಕೆ ಹೋಗಿದ್ದೆ. ಪ್ರತಿ ವರ್ಷದ ಆಯುಧಪೂಜೆ ಅದು. ಹೊರಡುವಾಗ ಅತ್ತೆ ಬಾಗಿಲಲ್ಲಿ ನಿಂತು ಹೇಳಿದ್ದರು: "ನೋಡವಾ, ಒಂದ್ ಸಾಮಾನೂ ಬಿಡಬ್ಯಾಡ. ಸಣ್ಣದು ಅಂತ ಬಿಟ್ಟಿದ್ದಽ ವರ್ಷಾನುಗಟ್ಟಲೆ ಕಾಡ್ತದ." ಆ ಕಟ್ಟಡದ ರೀತಿಯೇ ದೇವರಮನೆಯದು. ಚಪ್ಪಲಿ ಹೊರಗೆ ಬಿಡಬೇಕು. ಒಳಗೆ ತಣ್ಣಗೆ, ಕಿಟಕಿ ಇಲ್ಲ, ಸಣ್ಣ ಸಣ್ಣ ದೀಪ, ಒಂದೇ ಸಮನೆ ಓಂಕಾರದಂಥ ಸದ್ದು. ಅಂಥಲ್ಲಿ ನನ್ನಂಥವಳು ಕೈ ಕಟ್ಟಿಕೊಂಡು ನಿಲ್ಲುವುದು ಹೇಗೆ? ಯಂತ್ರದ ಕಪಾಟುಗಳಿಗೆ ಅರಿಷಿಣ ಕುಂಕುಮ ಏರಿಸಿದೆ, ಸ್ಕ್ರೂಡ್ರೈವರಿಗೆ ಏರಿಸಿದೆ, ಬೀಗದ ಕೈಗೂ ಏರಿಸಿದೆ. ಮರುದಿನದ ಮುಹೂರ್ತಕ್ಕೆಂದು ಸ್ಟೂಲಿನ ಮೇಲೆ ಹಳದಿ ಬಣ್ಣದ ತೆಳ್ಳನೆಯ ವೈರುಗಳನ್ನು ಸುತ್ತಿ ಇಟ್ಟಿದ್ದರು. ಪ್ಯಾಚ್ ಕೋರ್ಡ್ ಎನ್ನುತ್ತಾರೆ. ಹೊರಗಿನಿಂದ ಬಂದ ಎಳೆಯನ್ನು ಯಂತ್ರಕ್ಕೆ ಜೋಡಿಸುವುದು ಅದೇ. ಅದರಲ್ಲಿ ಒಂದರ ಟೋಪಿ ಸಡಿಲಾಗಿ ನನ್ನ ಕೈ ತಾಗಿ ಬಿತ್ತು. ಒಳಗೆ ಬೆಳ್ಳನೆಯ ಪುಟ್ಟ ತಲೆ, ಅಕ್ಕಿಕಾಳಿಗಿಂತ ತುಸು ದಪ್ಪ. ಬೋಳು ಹಣೆಯ ಹಾಗೆ ಕಂಡಿತು. ಟೋಪಿ ತೆಗೆದು ಬಾಗಿ ನಿಂತ ಹಾಗೆಯೂ ಕಂಡಿತು. ಬಿಡಲು ಮನಸ್ಸು ಬರಲಿಲ್ಲ. ಕಣ್ಣು ಮುಚ್ಚಿ, ತುಳಸಿಕಡ್ಡಿಯಿಂದ ಸಾಸಿವೆಯಷ್ಟು ಗಂಧ ಹಚ್ಚಿ, ಟೋಪಿ ಮತ್ತೆ ಹಾಕಿ ಇಟ್ಟೆ. ಬಿಳಿಯ ಮೇಲೆ ಗಂಧ ಕಾಣುವುದೂ ಇಲ್ಲ. ಮರುದಿನ ಅತ್ತೆ ಪಂಚಾಂಗ ನೋಡಿ ಕೊಟ್ಟ ಮುಹೂರ್ತ ಮೀರುತ್ತದೆಂದು ಇವರು ಟೋಪಿ ತೆಗೆದವರೇ ಒಳಗೆ ಒತ್ತಿ ಬಿಟ್ಟಿದ್ದರು.

"ಯಾಕ ಉಣ್ಣವಲ್ಲಿ?" ಎಂದರು ಇವರು.

"ಮೊಸರು ಹುಳಿ ಆಗ್ಯದ್ರಿ," ಎಂದೆ.

ಸುಳ್ಳು ಹೇಳಿದ ಪಾಪಕ್ಕೆ ಆ ಮೊಸರನ್ನೆಲ್ಲ ನಾನೇ ತಿಂದೆ.

ಆಗಲೇ ಹೇಳಿಬಿಡಬೇಕಿತ್ತು. ಆದರೆ ಇವರು ಒರೆಸಿದ್ದೇನೆಂದು ಸಹಿ ಮಾಡಿ ಕೊಟ್ಟಿದ್ದರು. ನಾನು ಬಾಯಿ ಬಿಟ್ಟರೆ ಇವರ ಸಹಿ ಸುಳ್ಳಾಗುತ್ತದೆ. ಬಾಯಿ ಮುಚ್ಚಿದರೆ ಚಾರ್ಜು ಹೋಗುತ್ತದೆ. ಮೇಲಾಗಿ ಸಾಸಿವೆಯಷ್ಟು ಗಂಧಕ್ಕೆ ನಾಲ್ಕು ಊರಿನ ಫೋನು ಕೆಡಿಸುವ ಶಕ್ತಿ ಇದೆಯೆಂದು ನನಗೇ ಖಾತ್ರಿ ಇರಲಿಲ್ಲ. ದೇವರ ಮುಂದೆ ನಿಂತು, ನಿನಗೆಂದೇ ಹಚ್ಚಿದ್ದು, ನೀನೇ ಹಿಂದಕ್ಕೆ ತಗೋ ಎಂದೆ. ಬುಧವಾರ ಸಂಜೆಯವರೆಗೆ ಕಾದೆ. ಬೀದರದವರು ಬೈಯುವುದು ನಿಲ್ಲಲಿಲ್ಲ, ಅಂದರೆ ದೇವರು ತಗೊಂಡಿರಲಿಲ್ಲ.

ಬುಧವಾರ ಸಂಜೆ ಇವರು ಚಹಾ ಕುಡಿಯುವಾಗ ಸುತ್ತು ಬಳಸಿ ಕೇಳಿದೆ.

"ಒಮ್ಮೆ ಆ ಬಾಗಲದ ವೈರು ತಗದು ಒರಸಿದ್ರ ಏನಾಗ್ತದ್ರಿ?"

"ತಗದ ಕೂಡ್ಲೆ ಬೀದರ ತನಕಾ ಲೈನ್ ಬಂದ್. ಅದಕ್ಕ ಮ್ಯಾಲಿನವರ ಪರವಾನಗಿ ಬೇಕು. ಪರವಾನಗಿ ಕೇಳಿದ್ರ, ಅವತ್ತು ಒರಸಿಲ್ಲೇನು ಅಂತಾರ. ನಿನಗ್ಯಾಕ ಇಷ್ಟು ಉಸಾಬರಿ?"

ಒಳಗಿನಿಂದ ಅತ್ತೆ ಜಪಮಣಿ ನಿಲ್ಲಿಸಿ ಹೇಳಿದರು: "ದೃಷ್ಟಿ ತಗಲ್ಯದ. ಇಕಿ ಅವತ್ತು ಅವಸರದಾಗ ಪೂಜಿ ಮಾಡಿರ್ತಾಳ. ಶುಕ್ರವಾರ ಹ್ಯಾಂಗೂ ಹೊಂಟೀರಿ. ಗಂಧದ ಬಟ್ಟಲಾ ಒಯ್ದು ಈ ಸಲ ಎಲ್ಲಾದಕ್ಕೂ ಚೆಂದಂಗ ದಪ್ಪ ಹಚ್ಚಿ ಬಾ."

ನನಗೆ ಚಹಾ ನೆತ್ತಿಗೇರಿತು.

ಶುಕ್ರವಾರ ಬೆಳಗ್ಗೆ ಇವರು ಮೊದಲ ಬಸ್ಸಿಗೇ ಹೋದರು. ನಾನು ಮಡಿಯಲ್ಲಿ ಜೋಳದ ರೊಟ್ಟಿ, ಬೆಣ್ಣೆ, ಮೊಸರನ್ನ, ಗೋದಿ ಪಾಯಸ ಮಾಡಿ ಡಬ್ಬಿ ಕಟ್ಟಿಕೊಂಡು ಇಲಾಖೆಯ ಜೀಪಿನಲ್ಲಿ ಹೊರಟೆ. ಅತ್ತೆ ಗಂಧದ ಬಟ್ಟಲನ್ನು ಮರೆಯದೆ ಚೀಲದಲ್ಲಿ ಇಟ್ಟಿದ್ದರು.

ಕಮಲಾಪುರದ ಕಟ್ಟಡದ ಬಾಗಿಲಲ್ಲಿ ಚಾಚಾ ಕೂತಿದ್ದರು. ಇವರಿಗಿಂತ ಹಿರಿಯ ಲೈನ್‌ಮನ್, ಅಲ್ಲಿಯ ಕಾವಲೂ ಅವರದೇ. ನಮ್ಮ ಮನೆಯಲ್ಲಿ ಎಲ್ಲರೂ ಅವರನ್ನು ಚಾಚಾ ಎಂದೇ ಕರೆಯುವುದು.

"ಬರ್ರಿ ವೈನಿ. ಸಾಬ್ ಒಳಗ ಇದ್ದಾರ. ದೊಡ್ಡ ಸಾಬ್ ಬರೋದಕ ಇನ್ನಾ ಅರ್ಧಾ ತಾಸ್ ಅದ," ಎಂದವರು ನನ್ನ ಚೀಲದಲ್ಲಿ ಗಂಧದ ಬಟ್ಟಲು ನೋಡಿ ಒಂದು ಹೆಜ್ಜೆ ಹಿಂದೆ ಸರಿದರು. "ಮತ್ತ ತಂದೀರಿ?"

ಆ 'ಮತ್ತ' ಎಂಬುದರಲ್ಲೇ ನನಗೆ ಎಲ್ಲ ತಿಳಿಯಿತು.

"ಚಾಚಾ, ನಿಮಗ ಗೊತ್ತಿತ್ತೇನು?"

"ಮಾಲೂಮ್ ಇತ್ತರಿ. ನೀವು ಕಣ್ಣ ಮುಚ್ಚಿ ಹಚ್ಚೋವಾಗ ನಾ ಇಲ್ಲೇ ಬಾಗಲದಾಗ ನಿಂತಿದ್ದೆ."

"ಮತ್ತ ಯಾಕ ಒರಸಲಿಲ್ಲ? ಇವರಿಗೆ ಒಂದ್ ಮಾತರೆ ಹೇಳಬಾರದಾ?"

"ಪೂಜಾದ ಚೀಜ್ ರೀ ಅದು. ನಾ ಹ್ಯಾಂಗ್ ಕೈ ಹಚ್ಚಲಿ? ನಮ್ಮ ತಾವೀಜ್ ಯಾರರೆ ಬಿಚ್ಚಿ ಒರಸಿದ್ರ ನಾವು ಸುಮ್ಮ ಇರ್ತೀವೇನ್ರಿ? ನಿಮ್ಮ ಕಡೆ ಹಿಂಗಽ ದಸ್ತೂರ್ ಇರ್ಬೇಕು, ಸಾಬ್‌ಗೂ ಮಾಲೂಮ್ ಇರ್ಬೇಕು ಅಂತ ತಿಳಕೊಂಡೆ. ಎಂಟು ದಿನ ಸಾಬ್ ಮಹಾಗಾಂವದಾಗ ನೆಲಾ ತೋಡಿಸಿದ್ರು, ನಾ ಇಲ್ಲಿ ಕುಂತು ತೌಬಾ ತೌಬಾ ಅನ್ಲತ್ತೀನಿ."

ನೋಡಿರಿ ನಮ್ಮ ಮೂವರ ಕಥೆ. ಹಚ್ಚದಿದ್ದರೆ ಅಪಚಾರ ಎಂದು ನಾನು, ಒರೆಸಿದರೆ ಅಪಚಾರ ಎಂದು ಚಾಚಾ, ಒಮ್ಮೆ ಒರೆಸಿದ್ದೇನಲ್ಲ ಎಂದು ಇವರು. ಮೂವರೂ ಒಳ್ಳೆಯ ಮನಸ್ಸಿನಿಂದಲೇ ಲೈನ್ ಕೆಡಿಸಿದ್ದೆವು.

"ಈಗ ನಾವಿಬ್ಬರೂ ಹೋಗಿ ಗಪ್ಪನೆ ಒರಸಿಬಿಡೂಣು," ಎಂದೆ.

"ಆಗಂಗಿಲ್ಲರಿ. ತೆಗದ್ರ ಇಲ್ಲಿ ಕೆಂಪ ಬತ್ತಿ, ಕಲಬುರ್ಗಿದಾಗ ಗಂಟಿ. ಚೋರಿ ಮಾಡೋ ಕೆಲಸ ಅಲ್ಲ ಇದು."

ಅಷ್ಟರಲ್ಲಿ ದೊಡ್ಡ ಸಾಹೇಬರ ಗಾಡಿ ಬಂತು. ಹಣೆಯ ಮೇಲೆ ಅಂಗಾರ ಅಕ್ಷತೆ, ತೆಳ್ಳಗಿನ ಮೈ, ಮೈಸೂರು ಕಡೆಯ ಮಾತು. ಚಪ್ಪಲಿ ಬಿಟ್ಟು ಒಳಗೆ ಹೋದರು. ನಾನು ಡಬ್ಬಿ ಹಿಡಿದುಕೊಂಡು ಬಾಗಿಲ ಹತ್ತಿರವೇ ನಿಂತೆ. ಇವರು ಮೀಟರ್ ತೋರಿಸಿದರು, ಮಹಾಗಾಂವದ ಜಾಯಿಂಟಿನ ಮಾತು ಹೇಳಿದರು, ಕಾರ್ಡು ಕೆಟ್ಟಿದೆ ಎಂದರು.

"ಕಾರ್ಡು ಟೆಸ್ಟ್ ಆಗಿಯೇ ಬಂದಿದೆ ರೀ," ಎಂದರು ಸಾಹೇಬರು. ದನಿ ಏರಿಸಲಿಲ್ಲ. "ಕೇಬಲ್ ಚೆನ್ನಾಗಿದೆ ಅಂತೀರಿ. ವೈರಿನ ತುದಿಯ ಕನೆಕ್ಟರ್ ಒರೆಸಿದ್ದೀನಿ ಅಂತ ಸಹಿ ಹಾಕಿದ್ದೀರಿ. ಹಾಗಾದ್ರೆ ಕೆಟ್ಟಿರೋದು ಏನು? ನನಗೂ ಮೇಲಿನವರಿಗೆ ಉತ್ತರ ಕೊಡಬೇಕು. ಚಾರ್ಜ್ ವಹಿಸೋ ಕಾಗದ ತಂದಿದ್ದೀನಿ, ಬೇಜಾರು ಮಾಡ್ಕೋಬೇಡಿ."

ಚೀಲದಿಂದ ಕಾಗದ ಹೊರಗೆ ಬಂತು. ಇವರು ಅಂಗಿಯ ಜೇಬಿನಿಂದ ಪೆನ್ನು ತೆಗೆದರು. ಹದಿನೆಂಟು ವರ್ಷ ಆ ಜೇಬಿನ ಪೆನ್ನಿನ ಕಲೆ ತೊಳೆದವಳು ನಾನು. ಇನ್ನು ನಿಂತು ನೋಡಲಾಗಲಿಲ್ಲ.

"ಸಾಹೇಬರ, ಅವರ ಸಹಿ ಖರೆ ಅದ. ಅವರು ಒರಸಿದ ಮ್ಯಾಲೆ ನಾ ಹಚ್ಚೀನಿ."

"ಏನು ಹಚ್ಚಿದ್ರಮ್ಮ?"

"ಗಂಧ ರೀ."

ನಾನು ಬೆರಳು ಮಾಡಿ ಆ ವೈರು ತೋರಿಸಿದೆ. ಮದುವೆಯಾದ ಮೇಲೆ ಇವರು ನನ್ನ ಮುಖವನ್ನು ಅಷ್ಟು ಹೊತ್ತು ನೋಡಿದ್ದು ಅದೇ ಮೊದಲು.

ಸಾಹೇಬರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು.

"ತೇಯ್ದ ಗಂಧವೋ, ಅಂಗಡಿ ಪುಡಿಯೋ?"

"ತೇಯ್ದದ್ದು ರೀ. ಸಾಣಿಕಲ್ಲಿನ ಮ್ಯಾಲೆ."

"ಅದಕ್ಕೇ ಇಷ್ಟಾದರೂ ಬೆಳಕು ದಾಟಿದೆ. ಪುಡಿಯಾಗಿದ್ರೆ ಬೀದರಿಗೆ ಪೋಸ್ಟ್‌ಕಾರ್ಡೇ ಗತಿಯಾಗಿತ್ತು."

ಚಾಚಾ ಗೋಡೆಯ ಕಡೆ ತಿರುಗಿ ಕೆಮ್ಮಿದರು.

ಸಾಹೇಬರೇ ಫೋನು ಮಾಡಿ ಕಾಲು ತಾಸಿನ ಪರವಾನಗಿ ಪಡೆದರು. ಕಲಬುರ್ಗಿಯ ಆಫೀಸಿನಲ್ಲಿ ಡ್ಯೂಟಿಗೆ ಕೂತಿದ್ದ ಹುಡುಗಿಗೆ ಇವರು ಹೇಳಿ ಬೆಳಕು ನಿಲ್ಲಿಸಿದರು. ಬೆಳಕು ಬರುತ್ತಿರುವಾಗ ಆ ತುದಿಗೆ ಕಣ್ಣು ಹಚ್ಚಿದರೆ ಕಣ್ಣೇ ಹೋಗುತ್ತದಂತೆ. ವೈರು ಹೊರಗೆ ಬಂತು, ಕಪಾಟಿನ ತುಂಬ ಕೆಂಪು ದೀಪ ಹತ್ತಿದವು. ತುದಿಯನ್ನು, ಕಣವನ್ನೂ ದೊಡ್ಡದಾಗಿ ತೋರಿಸುವ ಸಣ್ಣದೊಂದು ದುರ್ಬೀನಿನಲ್ಲಿ ಇಟ್ಟು ಸಾಹೇಬರು ನೋಡಿದರು, ಇವರು ನೋಡಿದರು, ಆಮೇಲೆ ನನ್ನನ್ನೂ ಕರೆದರು.

"ಬನ್ನಿ, ನಿಮ್ಮ ಪೂಜೆ ನೋಡಿ."

ದೊಡ್ಡ ಬಿಳಿಯ ವೃತ್ತ, ಅದರ ಮೇಲೆ ಒಣಗಿ ಬಿರಿದ ಗಂಧ, ಹಳೆಯ ಗೋಡೆಯ ಸುಣ್ಣದ ಹಾಗೆ. ಸಾಸಿವೆ ಎಂದುಕೊಂಡಿದ್ದೆ, ಅಲ್ಲಿ ಹೊಲದಷ್ಟು ಹರಡಿತ್ತು.

ಚಾಚಾ ಸ್ಪಿರಿಟಿನ ಬಾಟಲಿ, ನವಿರಾದ ಕಾಗದ ಹಿಡಿದು ನಿಂತರು. ಇವರ ಕೈಗೆ ಕೊಡಲಿಲ್ಲ. "ವೈನಿ, ನೀವು ಹೂಂ ಅನ್ರಿ," ಎಂದರು. ಪೂಜೆ ಮುಗಿದ ಮೇಲೆ ದೇವರನ್ನು ಕಳಿಸಿಕೊಡುವ ಹಾಗೆ ಮನಸ್ಸಿನಲ್ಲೇ ಕ್ಷಮೆ ಕೇಳಿ, ಹೂಂ ಎಂದೆ. ಇವರು ಮೊದಲು ಒದ್ದೆ ಕಾಗದದಿಂದ, ಆಮೇಲೆ ಒಣ ಕಾಗದದಿಂದ ಒರೆಸಿ, ದುರ್ಬೀನಿನಲ್ಲಿ ನೋಡಿ, ಮತ್ತೆ ಒರೆಸಿ ಜೋಡಿಸಿದರು. ಮೀಟರಿನಲ್ಲಿ ಬೆಳಕು ಪೂರ್ತಿ ಬಂತು. ನಾನು ಕೈ ಮುಗಿಯಲು ಎತ್ತಿದೆ.

ಸಾಗುವ ಮಾತಿನಲ್ಲಿ ಎಷ್ಟು ಕೆಟ್ಟಿತೆಂದು ಅದೇ ಮೀಟರ್ ಎಣಿಸಿ ತೋರಿಸುತ್ತದೆ. ಆ ತಪ್ಪುಗಳ ಎಣಿಕೆ ಮಾತ್ರ ಇಳಿಯಲಿಲ್ಲ. ಇದ್ದಷ್ಟೇ ಓಡುತ್ತಿತ್ತು.

ಎತ್ತಿದ ಕೈ ಎಲ್ಲಿಡಬೇಕೋ ತಿಳಿಯಲಿಲ್ಲ. ಸಾಹೇಬರು ಚಾರ್ಜಿನ ಕಾಗದದ ಕಡೆ ನೋಡಿದರು. ಇವರು ಮೀಟರಿನ ಮುಂದೆ ಬಾಗಿ ಎಣಿಕೆ ಓದಿದರು. ಆಮೇಲೆ ಹೇಳಿದರು: "ಸರ್, ಈಗ ನಾಯ್ಜ್ ಹೋಗ್ಯದ. ಉಳದದ್ದು ನಾನು ಮಾಡಿದ್ದು. ಗಂಧಾ ದಾಟಿಸ್ಲಿಕ್ಕೆ ಅಂತ ಕಲಬುರ್ಗಿಯಿಂದ ಪವರ್ ಏರಿಸಿ ಇಟ್ಟೀನಿ. ಅದು ಅಲ್ಲೇ ಎಳಿ ಹೊಕ್ಕ ಕೂಡ್ಲೆ ಬಣ್ಣಗೋಳನ್ನ ಕೆಡಿಸ್ಲಿಕತ್ತದ. ಇಲ್ಲಿ ಎಷ್ಟು ಸ್ವಚ್ಛ ಮಾಡಿದ್ರೂ ಅಲ್ಲಿ ಕೆಟ್ಟದ್ದು ಸರಿ ಆಗಂಗಿಲ್ಲ. ಇಳಸಬೇಕು."

"ಇಳಿಸಿ ನೋಡಿ," ಎಂದರು ಸಾಹೇಬರು.

ಇವರು ಫೋನಿನಲ್ಲಿ ಹುಡುಗಿಗೆ ಒಂದು ಪಾಯಿಂಟ್ ಇಳಿಸಲು ಹೇಳಿದರು. ಐದು ನಿಮಿಷ ಕಾದೆವು. ತಪ್ಪು ತುಸು ಕಡಿಮೆ. ಇನ್ನೊಂದು ಪಾಯಿಂಟ್. ಮತ್ತೆ ಐದು ನಿಮಿಷ. ಇನ್ನಷ್ಟು ಕಡಿಮೆ. ಆ ಕಡೆಯ ಹುಡುಗಿಗೆ ಹೆದರಿಕೆ. ಅವಳ ದನಿ ನಮಗೂ ಕೇಳುತ್ತಿತ್ತು.

"ಸರ್, ಇಷ್ಟ್ ಇಳಸಿದ್ರ ಲೈನಽ ಹೋಗ್ತದ್ರಿ."

"ಹೋಗಂಗಿಲ್ಲವಾ, ಇಳಸು."

ನಾಲ್ಕನೆಯ ಸಲಕ್ಕೆ ಎಣಿಕೆ ಸೊನ್ನೆಗೆ ಬಂದು ಕೂತಿತು. ನಾನು ಉಸಿರು ಬಿಟ್ಟೆ. ಆದರೆ ಇವರಿಗೆ ಸಾಲದು. ಇನ್ನೊಂದು ಇಳಿಸಿದರು. ತಪ್ಪು ಮತ್ತೆ ಒಂದೊಂದಾಗಿ ಮೂಡತೊಡಗಿದವು; ಈ ಸಲ ನಾಯ್ಜಿನ ತಪ್ಪುಗಳು.

"ಈಗ ಒಂದು ಏರಿಸಿ ಅಲ್ಲೇ ಬಿಡು," ಎಂದು ಇವರು ಫೋನು ಇಟ್ಟರು. ಎಣಿಕೆ ಸೊನ್ನೆಯಲ್ಲಿ ನಿಂತಿತು. ಕಾಲು ತಾಸು ನೋಡಿದೆವು, ಅಲುಗಲಿಲ್ಲ.

"ಎರಡೂ ಕಡೆ ಮುಟ್ಟಿ ನೋಡಿ ನಡುವೆ ನಿಲ್ಲಿಸಿದ್ರಿ. ಸರಿ," ಎಂದರು ಸಾಹೇಬರು. ಚಾರ್ಜಿನ ಕಾಗದವನ್ನು ಎರಡು ಮಡಿಕೆ ಮಾಡಿ ಚೀಲಕ್ಕೆ ಹಾಕಿ, ಬೇರೆ ಕಾಗದ ತೆಗೆದು ಬರೆದರು: ಕನೆಕ್ಟರಿನ ತುದಿಯಲ್ಲಿ ಬಾಹ್ಯ ಪದಾರ್ಥ, ಸ್ವಚ್ಛಗೊಳಿಸಲಾಗಿದೆ, ಪವರ್ ಸರಿಪಡಿಸಲಾಗಿದೆ. ಅಷ್ಟಕ್ಕೇ ಬಿಡಲಿಲ್ಲ. ಜೋಡಿಸುವ ಪ್ರತಿ ಸಲವೂ ಒರೆಸಿ ನೋಡತಕ್ಕದ್ದು, ಈ ವಿಷಯದಲ್ಲಿ ನಿರ್ಲಕ್ಷ್ಯವಾಗಿದೆ ಎಂದು ಇವರ ಹೆಸರಿಗೆ ಒಂದು ಸಾಲು ಬಿತ್ತು. ಇವರು ಓದಿ, ಎದುರು ಮಾತಾಡದೆ ಸಹಿ ಮಾಡಿದರು.

"ಗಂಧ ಅಂತ ಬರೀಲಿಲ್ಲಮ್ಮ," ಎಂದರು ಸಾಹೇಬರು ನನಗೆ. "ಬರೆದ್ರೆ ಮೇಲಿನವರು ನನಗೂ ಸ್ವಲ್ಪ ಕಳಿಸಿ ಅಂತಾರೆ. ಮುಂದಿನ ವರ್ಷದಿಂದ ಕಪಾಟಿನ ಹೊರಗೆ ಎಷ್ಟು ಬೇಕಾದ್ರೂ ಹಚ್ಚಿ, ಒಳಗಡೆ ಬೇಡ. ಈಗ ಬುತ್ತಿ ತೆಗೀರಿ, ಹೊಟ್ಟೆ ಹಸೀತಿದೆ."

ರೊಟ್ಟಿ ಗಟ್ಟಿಯಾಗಿದ್ದವು. ಆದರೂ ಬೆಣ್ಣೆ ಹಚ್ಚಿಕೊಂಡು ಮೂರು ತಿಂದರು, ಪಾಯಸವನ್ನು ಎರಡು ಸಲ ಹಾಕಿಸಿಕೊಂಡರು. ಚಾಚಾ ಊರೊಳಗಿಂದ ಕೆಂಪು ಬಾಳೆಹಣ್ಣು ತಂದುಕೊಟ್ಟರು.

ಮರಳುವಾಗ ಜೀಪು ಮಹಾಗಾಂವ ಮುಟ್ಟಿತು. ಅಲ್ಲಿ ರಸ್ತೆ ಬದಿಯ ತಗ್ಗುಗಳು ಕಂಡವು.

"ಎಂಟು ದಿನ ಈ ತಗ್ಗು ತೋಡಿಸಿದೆ," ಎಂದರು ಇವರು.

"ಹೌದ್ರಿ."

"ತೊಗರಿ ಹೊಲದಾಂವ ನಮ್ಮ ಮನೆತನಾನಽ ಜಾಲಾಡಿಸಿದ."

"ಹೌದ್ರಿ."

"ನೀ ಮನ್ಯಾಗ ಹೂಬತ್ತಿ ಹೊಸಕೋತ ಕೂತಿದ್ದಿ."

"ಮಂಗಳವಾರದ ತನಕಾ ನನಗೂ ಗೊತ್ತಿರಲಿಲ್ರಿ. ಗೊತ್ತಾದ ಮ್ಯಾಲೆ ಒಂದ್ ಬತ್ತೀನೂ ನೆಟ್ಟಗ ಬಂದಿಲ್ಲ."

ಇವರು ಕಿಟಕಿಯ ಕಡೆ ತಿರುಗಿದರು. ಸಿಟ್ಟಿಗೆ ತಿರುಗಿದರೆಂದುಕೊಂಡೆ. ಸ್ವಲ್ಪ ಹೊತ್ತಿಗೆ ಭುಜ ಅಲುಗುವುದು ಕಂಡಿತು. ನಗುತ್ತಿದ್ದರು. ಡ್ರೈವರ್ ಕನ್ನಡಿಯಲ್ಲಿ ನೋಡಿ ರಸ್ತೆಯ ಕಡೆ ಕಣ್ಣು ಹೊರಳಿಸಿದ.

ಮನೆ ಮುಟ್ಟಿದಾಗ ಇನ್ನೂ ಬಿಸಿಲಿತ್ತು. ಅತ್ತೆ ಪಡಸಾಲೆಯಲ್ಲೇ ಕೂತಿದ್ದರು. ಇವರು "ಚಾರ್ಜು ಉಳೀತು" ಎಂದಷ್ಟೇ ಹೇಳಿ ಬಚ್ಚಲಿಗೆ ಹೋದರು. ನನ್ನನ್ನು ಒಬ್ಬಳೇ ಬಿಟ್ಟು ಹೋದದ್ದು ಸೇಡಿಗೋ ಏನೋ.

"ಹ್ಯಾಂಗ ಉಳೀತು?" ಎಂದರು ಅತ್ತೆ.

ಒಂದೇ ದಿನ ಎರಡನೆಯ ಸಲ ಹೇಳುವುದು ಮೊದಲನೆಯದಕ್ಕಿಂತ ಕಷ್ಟ. ಸಾಹೇಬರು ನಾಳೆ ಹೋಗುವವರು. ಅತ್ತೆ ಇಲ್ಲೇ ಇರುವವರು. ಆದರೂ ತುಳಸಿಕಡ್ಡಿಯಿಂದ ಹಿಡಿದು ದುರ್ಬೀನಿನವರೆಗೆ ಎಲ್ಲವನ್ನೂ ಹೇಳಿದೆ. ಅತ್ತೆ ಜಪಮಣಿಯನ್ನು ಬೆರಳಿನಿಂದ ಬೆರಳಿಗೆ ದಾಟಿಸುತ್ತ ಪೂರ್ತಿ ಕೇಳಿದರು. ನಾನು ತಲೆ ತಗ್ಗಿಸಿ ನಿಂತೆ.

"ಅಂವಾ ಒರಸಿದ್ದು ಯಾವತ್ತು?"

"ನವಮಿ ಮುಂಜಾನೆ ರೀ."

"ಕೂಡಿಸಿದ್ದು?"

"ದಶಮಿ ದಿನ."

"ಒಂದ್ ರಾತ್ರಿ ಇಟ್ಟ ತಂಬಿಗಿ ನಾವು ಮತ್ತ ತೊಳೀದ ನೀರು ತುಂಬ್ತೀವೇನು?" ಎಂದರು ಅತ್ತೆ, ಬಚ್ಚಲಿನವರೆಗೆ ಕೇಳುವ ಹಾಗೆ. "ಹಚ್ಚಿದ್ದು ನಿಂದ್ ತಪ್ಪಲ್ಲ. ಕೂಡ್ಸೋ ಮುಂದ ಮತ್ತೊಮ್ಮೆ ಒರಸದಿದ್ದದ್ದು ಅವಂದು ತಪ್ಪು."

ಬಚ್ಚಲಲ್ಲಿ ನೀರು ಹುಯ್ದುಕೊಳ್ಳುವ ಸದ್ದು ನಿಂತಿತು. ಮಗನನ್ನು ಬಿಟ್ಟು ಸೊಸೆಯ ಕಡೆ ಅತ್ತೆ ಮಾತಾಡಿದ್ದು ಆ ಮನೆಯಲ್ಲಿ ನಾನು ಕೇಳಿದ್ದು ಅದೇ ಮೊದಲು. ಅದನ್ನು ಬೆರಳ ಮೇಲೆ ಎಣಿಸಲು ಹೋದರೆ ಅತ್ತೆ ಬಿಡಲಿಲ್ಲ.

"ನಿಂತು ಏನ್ ನೋಡ್ತಿ? ನಳ ಬಂದು ಅರ್ಧಾ ತಾಸಾತು. ಇವತ್ತು ತಪ್ಪಿದ್ರ ಮತ್ತ ಮೂರು ದಿನ."

ಹಿತ್ತಲಿಗೆ ಓಡಿ ನಳದ ಕೆಳಗೆ ಕೊಡ ಇಟ್ಟೆ. ನೀರಿನ ಜೋರು ಆಗಲೇ ಕಡಿಮೆಯಾಗುತ್ತಿತ್ತು. ಇನ್ನು ಎರಡು ಕೊಡ ತುಂಬಿದರೆ ಅದೃಷ್ಟ ಎಂದುಕೊಂಡು ಸೆರಗು ಸಿಕ್ಕಿಸಿದೆ.